ಪಾಠದಲ್ಲಿ ಧರ್ಮ ಬೆರೆಸಬೇಡಿ

ಮಗಳಿಗೆ ಈಗ 15 ವರ್ಷ. ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮ ಕಾಫಿ ತೋಟದ ಮನೆಯಲ್ಲೇ ಅವಳ ಓದು. ಎಂಟನೇ ಕ್ಲಾಸಿನವರೆಗೆ ಪುಸ್ತಕ ಹುಡುಕುವುದು ಕಷ್ಟವಾಗಲಿಲ್ಲ. ಒಂಬತ್ತಕ್ಕೆ ಬಂದಾಗ ತೊಂದರೆ ಶುರುವಾಯಿತು.

ಹೋದ ವರ್ಷ ಕಾಳುಮೆಣಸು ಮಾರಿದ ದುಡ್ಡಲ್ಲಿ ಹೊರದೇಶದ ಒಂದು ಹೋಮ್‌ಸ್ಕೂಲ್ ಸೆಟ್ ತರಿಸಿದೆವು. ಅಚ್ಚು, ಚಿತ್ರ ಎಲ್ಲ ಚೆಂದ. ಆದರೆ ವಿಜ್ಞಾನದ ಪುಸ್ತಕದಲ್ಲಿ ಬೈಬಲ್ ಲೆಕ್ಕ ಹಿಡಿದು ಭೂಮಿಗೆ 6,000 ವರ್ಷ ಅಂತಿತ್ತು. ಬಂಡೆಯ ಪದರಗಳೆಲ್ಲ ಒಂದೇ ಮಹಾಪ್ರಳಯದಲ್ಲಿ ಆದವಂತೆ. ಮಗಳು ಅದನ್ನು ಓದುತ್ತಿದ್ದದ್ದು ಕಾಫಿ ಕಣದ ಪಕ್ಕದ ಬಂಡೆ ಮೇಲೆ ಕೂತು. ಕೊಡಗಿನಲ್ಲಿ 300 ಕೋಟಿ ವರ್ಷಕ್ಕಿಂತ ಹಳೆಯ ಕಲ್ಲುಗಳಿವೆ! ಆಮೇಲೆ ನಮ್ಮ ದೇಶದ್ದೇ ಇನ್ನೊಂದು ಸೆಟ್ ನೋಡಿದೆ. ಅದರಲ್ಲಿ ಭೌತಶಾಸ್ತ್ರದ ಪಾಠದೊಳಗೆ ಪುರಾಣದ ವಿಮಾನ. ಎರಡನ್ನೂ ಎತ್ತಿಟ್ಟೆ.

ಅತ್ತೆ ಕೇಳಿದರು, "ಮಗೂಗೆ ದೇವರು ಬೇಡ ಅಂತೀಯಾ?" ಇಲ್ಲ ಅತ್ತೆ, ಖಂಡಿತ ಇಲ್ಲ. ತುಲಾ ಸಂಕ್ರಮಣಕ್ಕೆ ನಾವು ತಲಕಾವೇರಿಗೆ ಹೋಗುತ್ತೇವೆ. ಅಗಸ್ತ್ಯರ ಕಮಂಡಲದ ಕಥೆ ಅವಳಿಗೆ ಹೇಳಿದ್ದು ಅತ್ತೆಯೇ. ಆ ಕಥೆ ಅವಳ ಜೊತೆ ಇರಲಿ. ಆದರೆ ಅರಬ್ಬೀ ಸಮುದ್ರ ಅಷ್ಟು ಹತ್ತಿರ ಇದ್ದರೂ ಕಾವೇರಿ ಯಾಕೆ ಪೂರ್ವಕ್ಕೆ ಹೋಗುತ್ತದೆ ಅಂತ ಅವಳು ಕೇಳಿದಳು. ಅದಕ್ಕೆ ಉತ್ತರ ಘಟ್ಟದಲ್ಲಿದೆ, ಪೂರ್ವಕ್ಕೆ ಇಳಿಜಾರಾದ ಪ್ರಸ್ಥಭೂಮಿಯಲ್ಲಿದೆ. ಒಂದರ ಜಾಗದಲ್ಲಿ ಇನ್ನೊಂದನ್ನು ಹೇಳಿದರೆ ಎರಡಕ್ಕೂ ಅನ್ಯಾಯ ಅಲ್ವಾ?

ಈಗ ಯಾವ ಪುಸ್ತಕ ಬಂದರೂ ಮೊದಲು ಎರಡು ಪುಟ ಹುಡುಕುತ್ತೇನೆ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ ಅಂತ ಇದೆಯಾ? ಜೀವವಿಕಾಸವನ್ನು ನೇರವಾಗಿ ಹೇಳಿದೆಯಾ? ಇವೆರಡು ಸರಿ ಇದ್ದರೆ ಉಳಿದದ್ದನ್ನು ಓದುತ್ತೇನೆ.

ಕೇಂದ್ರ ಸರ್ಕಾರದ ಎನ್‌ಸಿಇಆರ್‌ಟಿ ಪಠ್ಯಪುಸ್ತಕಗಳು ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಮಳೆಗಾಲದಲ್ಲಿ ಇಲ್ಲಿ ಕರೆಂಟೂ ಇರಲ್ಲ, ನೆಟ್ಟೂ ಇರಲ್ಲ. ಹಾಗಾಗಿ ಮೇ ತಿಂಗಳಲ್ಲೇ ಎಲ್ಲ ಇಳಿಸಿಕೊಂಡಿರುತ್ತೇವೆ. ಆದರೆ ಹತ್ತನೇ ಕ್ಲಾಸಿನ ಪುಸ್ತಕದಿಂದ ಜೀವವಿಕಾಸದ ಭಾಗ ತೆಗೆದಿದ್ದಾರೆ. 2023ರಲ್ಲಿ 1,800ಕ್ಕೂ ಜಾಸ್ತಿ ವಿಜ್ಞಾನಿಗಳು, ಶಿಕ್ಷಕರು ಅದು ವಾಪಸ್ ಬೇಕು ಅಂತ ಸಹಿ ಹಾಕಿದ್ದರು. ನನಗೂ ಅದು ತುಂಬಾ ಬೇಜಾರಿನ ವಿಷಯ. ಹನ್ನೆರಡನೇ ಕ್ಲಾಸಿನ ಜೀವಶಾಸ್ತ್ರದಲ್ಲಿ ಆ ಅಧ್ಯಾಯ ಇದೆ. ಅದನ್ನೇ ನಿಧಾನವಾಗಿ ಇಬ್ಬರೂ ಕೂತು ಓದಿದೆವು. ಪ್ರಯೋಗಕ್ಕೆ ಅರವಿಂದ ಗುಪ್ತಾ ಅವರ ಆಟಿಕೆ ವಿಡಿಯೋಗಳು, ಗಣಿತಕ್ಕೆ ಖಾನ್ ಅಕಾಡೆಮಿಯ ಆನ್‌ಲೈನ್ ಪಾಠಗಳು.

ಪರೀಕ್ಷೆ ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ. 14 ತುಂಬಿದ್ದರೆ ಸೆಕೆಂಡರಿಗೆ (ಹತ್ತನೇ ಕ್ಲಾಸಿಗೆ ಸಮ) ಸೇರಬಹುದು, ಐದು ವಿಷಯ ಪಾಸಾಗಬೇಕು, ಅದಕ್ಕೆ ಐದು ವರ್ಷ ಸಮಯವಿದೆ. ಅವಸರ ಇಲ್ಲ ಅನ್ನೋದೇ ನಮಗೆ ದೊಡ್ಡ ಸಮಾಧಾನ.

ಪ್ರಾಕ್ಟಿಕಲ್ ಮಾತ್ರ ಒಬ್ಬರೇ ಮಾಡುವುದು ಕಷ್ಟ. ಗೋಣಿಕೊಪ್ಪ, ವಿರಾಜಪೇಟೆ, ಮಡಿಕೇರಿ ಕಡೆ ಮನೆಯಲ್ಲಿ ಕಲಿಯುವ ದೊಡ್ಡ ಮಕ್ಕಳಿದ್ದರೆ ದಯವಿಟ್ಟು ತಿಳಿಸಿ. ಯಾವ ಧರ್ಮದವರಾದರೂ ಸರಿ. ನಮ್ಮಲ್ಲಿ ಒಂದು ಮೈಕ್ರೋಸ್ಕೋಪ್ ಇದೆ. ಮಳೆ ಬಿಟ್ಟ ಮೇಲೆ ಒಂದು ಭಾನುವಾರ ಬನ್ನಿ, ತೋಟದ ಕೆರೆ ನೀರನ್ನೇ ಮೊದಲು ನೋಡೋಣ.