ಮಾವ ಬಂದಿದ್ದ ದಿನ

ಕಳೆದ ವಾರ ವಾಕ್ ಚಿಕಿತ್ಸೆಯ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಗ್ರಾಫ್ ಹಿಡಿದುಕೊಂಡು ಮನೆಗೆ ಬಂದಿದ್ದಳು. ಮುಖ ಬಾಡಿತ್ತು. "ಸರ್, ಪಿಎನ್‌ಡಿ ಸೊನ್ನೆ ಬಂದಿದೆ. ಈ ಮಗುವನ್ನು ಪ್ರಬಂಧದಿಂದ ಕೈಬಿಡು ಎನ್ನುತ್ತಿದ್ದಾರೆ." ಪಿಎನ್‌ಡಿ ಎಂದರೆ ಪರ್ಸೆಂಟೇಜ್ ಆಫ್ ನಾನ್‌ಓವರ್‌ಲ್ಯಾಪಿಂಗ್ ಡೇಟಾ, ಒಬ್ಬರ ಮೇಲೆ ಚಿಕಿತ್ಸೆ ಫಲಿಸಿತೇ ಎಂದು ನೋಡುವ ಒಂದು ಅಳತೆ.

ಮಾತು ತಡವಾದ ನಾಲ್ಕು ವರ್ಷದ ಹುಡುಗ. ಚಿಕಿತ್ಸೆಗೆ ಮುಂಚೆ ಐದು ದಿನ, ದಿನಕ್ಕೆ ಇಪ್ಪತ್ತು ನಿಮಿಷ ಎದುರು ಕುಳಿತು, ಅವನು ತಾನಾಗಿ ಆಡಿದ ಪದಗಳನ್ನು ಎಣಿಸಿದ್ದಾಳೆ: 2, 3, 9, 2, 3. ಚಿಕಿತ್ಸೆ ಶುರುವಾದ ಮೇಲೆ 5, 6, 6, 7, 8, 8, 9, 8. (ಅಂಕಿಗಳನ್ನು ಚೂರು ಬದಲಿಸಿದ್ದೇನೆ, ಕಥೆ ಅದೇ.) ಯಾವ ಅಜ್ಜಿಗೆ ತೋರಿಸಿದರೂ ಹುಡುಗ ಚೇತರಿಸಿಕೊಂಡಿದ್ದಾನೆ ಎನ್ನುತ್ತಾಳೆ. ಆದರೆ ಪಿಎನ್‌ಡಿ ಕೇಳುವುದು ಒಂದೇ ಪ್ರಶ್ನೆ: ಚಿಕಿತ್ಸೆಯ ದಿನಗಳಲ್ಲಿ ಶೇಕಡಾ ಎಷ್ಟು, ಮೊದಲಿನ ಅತಿ ದೊಡ್ಡ ಅಂಕಿಯನ್ನು ದಾಟಿದವು? ಒಂಬತ್ತನ್ನು ಯಾವ ದಿನವೂ ದಾಟಿಲ್ಲ. ಹಾಗಾಗಿ ಸೊನ್ನೆ. ಆ ಮೂರನೆಯ ದಿನ ಊರಿನಿಂದ ಹುಡುಗನ ಮಾವ ಬಂದಿದ್ದರಂತೆ.

ಇನ್ನೊಂದು ಮಗುವಿನ ಅಂಕಿಗಳು ಮೊದಲು 1, 2, 3, 4, 5, ಚಿಕಿತ್ಸೆಯಲ್ಲಿ 6, 7, 8, 9, 10 ಎಂದಿಟ್ಟುಕೊಳ್ಳಿ. ತನ್ನ ಪಾಡಿಗೆ ಏರುತ್ತಿದ್ದ ಮಗು ಅದೇ ವೇಗದಲ್ಲಿ ಏರಿದೆ, ಚಿಕಿತ್ಸೆ ಅಲುಗಾಡಿಸಿದ್ದು ಏನೂ ಇಲ್ಲ. ಪಿಎನ್‌ಡಿ ಮಾತ್ರ ನೂರಕ್ಕೆ ನೂರು! 1987ರಲ್ಲಿ ಸ್ಕ್ರಗ್ಸ್, ಮಾಸ್ಟ್ರೊಪಿಯೆರಿ ಮತ್ತು ಕ್ಯಾಸ್ಟೊ ಮುಂದಿಟ್ಟ ಅಳತೆ ಇದು. ಗ್ರಾಫಿನ ಮೇಲೆ ಅಡಿಪಟ್ಟಿ ಇಟ್ಟು ಗೆರೆ ಎಳೆದರೆ ಲೆಕ್ಕ ಮುಗಿಯುತ್ತದೆ, ಅದಕ್ಕೇ ಬೇರೂರಿತು. ಇದರಲ್ಲಿ ಇನ್ನೊಂದು ಅನ್ಯಾಯವೂ ಇದೆ. ಚಿಕಿತ್ಸೆಗೆ ಮುಂಚೆ ಹೆಚ್ಚು ದಿನ ತಾಳ್ಮೆಯಿಂದ ಎಣಿಸಿದಷ್ಟೂ ಎಲ್ಲೋ ಒಂದು ದೊಡ್ಡ ಅಂಕಿ ಸಿಕ್ಕಿಬೀಳುವ ಸಾಧ್ಯತೆ ಹೆಚ್ಚು. ಶ್ರದ್ಧೆಗೆ ದಂಡ.

ಹಾಗಾದರೆ ಎರಡು ಸರಾಸರಿಗಳನ್ನು ಹೋಲಿಸುವ ಟಿ-ಟೆಸ್ಟ್ ಮಾಡಿದರಾಯಿತು ಎನ್ನುವವರಿದ್ದಾರೆ. ಒಂದು ಮಗುವನ್ನು ಇಪ್ಪತ್ತು ದಿನ ನೋಡುವುದೂ ಇಪ್ಪತ್ತು ಮಕ್ಕಳನ್ನು ಒಂದು ದಿನ ನೋಡುವುದೂ ಒಂದೇ ಅಲ್ಲ. ಇಂದಿನ ಅಂಕಿಗೆ ನಿನ್ನೆಯ ನೆರಳಿರುತ್ತದೆ. ಅದನ್ನು ಮರೆತ ಲೆಕ್ಕವು, ಇಲ್ಲದ ಪರಿಣಾಮವನ್ನೂ ಇದೆ ಎಂದು ಸಾರಬಹುದು. ಆ ನೆರಳನ್ನೇ ಅಳೆದು ಕಳೆಯೋಣವೆಂದರೆ ಐದೆಂಟು ಬಿಂದುಗಳಿಂದ ನಂಬುವಂಥ ಅಂದಾಜು ಸಿಗುವುದಿಲ್ಲ.

ಮೆಟಾ ಅನಾಲಿಸಿಸ್ ಹೆಸರಿನಲ್ಲಿ ಇಂಥ ಒಂದೊಂದೇ ಮಗುವಿನ ಅಧ್ಯಯನಗಳನ್ನೂ ಗುಂಪು ಅಧ್ಯಯನಗಳನ್ನೂ ಕಲೆಹಾಕಿ ಸರಾಸರಿ ತೆಗೆಯುವಾಗ ನನಗೆ ಸಿಟ್ಟೇ ಬರುತ್ತದೆ. ಗುಂಪು ಅಧ್ಯಯನಗಳ ಎಫೆಕ್ಟ್ ಸೈಜ್ (ಪರಿಣಾಮ ಎಷ್ಟು ದೊಡ್ಡದು ಎಂಬ ಅಂಕಿ) ಜನರ ನಡುವಿನ ಏರಿಳಿತವನ್ನು ಅಳತೆಗೋಲು ಮಾಡಿಕೊಳ್ಳುತ್ತದೆ, ಅಲ್ಲಿ 0.8 ಬಂದರೆ ದೊಡ್ಡದು. ಇಲ್ಲಿ ಅಳತೆಗೋಲು ಒಂದೇ ಮಗುವಿನ ದಿನದಿನದ ಏರಿಳಿತ. ಅದು ಚಿಕ್ಕದು, ಆದ್ದರಿಂದ ಮೂರು, ನಾಲ್ಕು ಎಂಬ ಉತ್ತರಗಳು ಸಲೀಸಾಗಿ ಬರುತ್ತವೆ. ಮೊಳವನ್ನೂ ಸೇರನ್ನೂ ಕೂಡಿಸಿದಂತೆ. ಹೆಜೆಸ್, ಪುಸ್ಟೆಯೊವ್‌ಸ್ಕಿ, ಶಾಡಿಶ್ 2012ರಲ್ಲಿ ಎರಡನ್ನೂ ಒಂದೇ ಅಳತೆಗೆ ತರುವ ದಾರಿ ತೋರಿಸಿದರು, ಆದರೆ ಅದಕ್ಕೆ ಒಂದು ಅಧ್ಯಯನದಲ್ಲಿ ಕನಿಷ್ಠ ಮೂವರಾದರೂ ಬೇಕು. ಹುಡುಗಿಯ ಬಳಿ ಇರುವುದೇ ಮೂವರು. ಇವನನ್ನು ಬಿಟ್ಟರೆ ಇಬ್ಬರು.

ಅನ್ನ ಬೆಂದಿದೆಯೇ ಎನ್ನಲು ಒಂದು ಅಗುಳು ಸಾಕು ಎನ್ನುತ್ತೇವೆ. ಎಲ್ಲ ಅಗುಳೂ ಒಂದೇ ಪಾತ್ರೆಯಲ್ಲಿ ಬೆಂದಾಗ ಅದು ಸರಿ. ಅಂಕಿ ಹಾಳು ಮಾಡಿದವೆಂದು ಮಕ್ಕಳನ್ನು ಆರಿಸಿ ಬಿಸಾಡುತ್ತಾ ಹೋದರೆ ಮುಂದೆ ಸರಾಸರಿ ತೆಗೆಯುವವರಿಗೆ ಸಿಗುವುದು ಚೆನ್ನಾಗಿ ಬೆಂದ ಅಗುಳುಗಳು ಮಾತ್ರ.

ಮಗುವನ್ನು ಬಿಡಬೇಡ, ಪಿಎನ್‌ಡಿಯನ್ನು ಬಿಡು, ಹದಿಮೂರೂ ಅಂಕಿಗಳನ್ನು ಕೋಷ್ಟಕದಲ್ಲಿ ಹಾಕು ಎಂದೆ. "ಪರೀಕ್ಷಕರು ಒಪ್ಪುತ್ತಾರೆಯೇ ಸರ್?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ನಿನ್ನೆ ಕೋಷ್ಟಕ ಕಳುಹಿಸಿದ್ದಾಳೆ. ಮೂರನೆಯ ದಿನದ 9ಕ್ಕೆ ನಕ್ಷತ್ರದ ಗುರುತು ಹಾಕಿ ಕೆಳಗೆ ಬರೆದಿದ್ದಾಳೆ: ಮಾವ ಬಂದಿದ್ದರು.