ಪೌಂಡ್–ಡಾಲರ್: ಹಳೆಯ ದರ ನೋಡಿ ದೇಶದ ಏಳುಬೀಳು ಹೇಳಬಹುದಾ?

ಪರ: ದರಕ್ಕೆ ದಾಕ್ಷಿಣ್ಯ ಇಲ್ಲ

ಬ್ರಿಟನ್ನಿನ ನೂರು ವರ್ಷದ ಕಥೆ ಒಂದೇ ಪುಟದಲ್ಲಿ ಬೇಕು ಅಂದರೆ ಪೌಂಡ್–ಡಾಲರ್ ದರದ ಪಟ್ಟಿ ತೆಗೆದು ನೋಡಿ. ಮೊದಲ ಮಹಾಯುದ್ಧಕ್ಕೆ ಮುಂಚೆ ಒಂದು ಪೌಂಡಿಗೆ 4.86 ಡಾಲರ್ ಸಿಗುತ್ತಿತ್ತು. 1949ರಲ್ಲಿ ಅದು 2.80ಕ್ಕೆ ಬಂತು, 1967ರಲ್ಲಿ 2.40ಕ್ಕೆ. ಜಗತ್ತಿಗೆಲ್ಲ ಸಾಲ ಕೊಡುತ್ತಿದ್ದ ದೇಶ ಎರಡು ಯುದ್ಧ ಮಾಡಿ ಅಮೆರಿಕದ ಮುಂದೆ ಕೈಚಾಚಿತು, ಸಾಮ್ರಾಜ್ಯವನ್ನೂ ಕಳೆದುಕೊಂಡಿತು. ಎಲ್ಲವೂ ಈ ಇಳಿಜಾರಿನಲ್ಲೇ ಕಾಣುತ್ತದೆ.

ಮಂತ್ರಿಗಳು ಮಾತು ತಿರುಗಿಸಬಹುದು. ದರಕ್ಕೆ ಆ ಅಭ್ಯಾಸ ಇಲ್ಲ. ಹಣಕಾಸು ಮಂತ್ರಿ ಸ್ಟ್ಯಾಫರ್ಡ್ ಕ್ರಿಪ್ಸ್ ಪೌಂಡಿನ ಅಪಮೌಲ್ಯ ಮಾಡುವುದಿಲ್ಲ ಎಂದು ಮತ್ತೆ ಮತ್ತೆ ಹೇಳಿದ್ದರು. 1949ರ ಸೆಪ್ಟೆಂಬರ್ 18ರಂದು ಅವರೇ ರೇಡಿಯೊಗೆ ಬಂದು 4.03ರಿಂದ 2.80ಕ್ಕೆ ಇಳಿಸಿದ್ದನ್ನು ಸಾರಿದರು. 1967ರಲ್ಲಿ ಪ್ರಧಾನಿ ಹೆರಾಲ್ಡ್ ವಿಲ್ಸನ್ ಅವರದ್ದು ಇನ್ನೊಂದು ಬಗೆ. ನಿಮ್ಮ ಜೇಬಿನಲ್ಲಿರುವ ಪೌಂಡಿಗೆ ಏನೂ ಆಗಿಲ್ಲ ಅನ್ನುವ ಹಾಗೆ ಸಮಾಧಾನ ಹೇಳಿದರು. ಆಮದು ಸಾಮಾನು ತುಟ್ಟಿಯಾಗದೆ ಇರುತ್ತದಾ?

ನನಗೆ ಜಾಸ್ತಿ ಇಷ್ಟವಾದ ಉದಾಹರಣೆ ಅಮೆರಿಕದ್ದು. ಅಂತರ್ಯುದ್ಧದ ಖರ್ಚಿಗೆ 1862ರಿಂದ ಅಲ್ಲಿನ ಸರ್ಕಾರ ‘ಗ್ರೀನ್‌ಬ್ಯಾಕ್’ ಎಂಬ ಕಾಗದದ ಡಾಲರ್ ಅಚ್ಚು ಹಾಕಿತು. ಅದನ್ನು ಕೊಟ್ಟರೆ ಚಿನ್ನ ಸಿಗುತ್ತಿರಲಿಲ್ಲ. ಗೆದ್ದ ಮೇಲೆ ಸಿಕ್ಕೀತು ಅನ್ನುವ ನಂಬಿಕೆ ಅಷ್ಟೇ. ಹಾಗಾಗಿ ರಣರಂಗದ ಸುದ್ದಿ ಬಂದ ಹಾಗೆಲ್ಲ ನ್ಯೂಯಾರ್ಕಿನಲ್ಲಿ ಅದರ ಬೆಲೆ ಕುಣಿಯುತ್ತಿತ್ತು. 1863ರ ಜುಲೈನಲ್ಲಿ ಉತ್ತರದವರು, ಅಂದರೆ ಈ ಸರ್ಕಾರದ ಕಡೆಯವರು, ಗೆಟಿಸ್‌ಬರ್ಗ್ ಮತ್ತು ವಿಕ್ಸ್‌ಬರ್ಗ್‌ನಲ್ಲಿ ಗೆದ್ದಾಗ ಕಾಗದದ ಡಾಲರ್ ಚೇತರಿಸಿಕೊಂಡಿತು. 1864ರ ಜುಲೈ 11ರಂದು ದಕ್ಷಿಣದ ಸೇನಾನಿ ಜೂಬಲ್ ಅರ್ಲಿ ವಾಷಿಂಗ್ಟನ್ನಿನ ಹೊಸ್ತಿಲಿಗೇ ಬಂದು ನಿಂತ. ಗ್ರೀನ್‌ಬ್ಯಾಕ್ ಪಾತಾಳ ಮುಟ್ಟಿದ್ದು ಅದೇ ದಿನ. ಒಂದು ಪೌಂಡಿಗೆ 10 ಡಾಲರ್ ದಾಟಿತ್ತು. ಯುದ್ಧದ ವರದಿಗಾರರಿಗಿಂತ ಚೆನ್ನಾಗಿ ಆ ದರವೇ ಯುದ್ಧದ ಕಥೆ ಹೇಳುತ್ತದೆ.

ಇತ್ತೀಚಿನದ್ದೂ ಇದೆ. 2022ರ ಸೆಪ್ಟೆಂಬರ್ 23ರಂದು ಬ್ರಿಟನ್ನಿನ ಹಣಕಾಸು ಮಂತ್ರಿ ಕ್ವಾಸಿ ಕ್ವಾರ್ಟೆಂಗ್ ಸಾಲ ಮಾಡಿ ತೆರಿಗೆ ಕಡಿತ ಕೊಡುವುದಾಗಿ ಘೋಷಿಸಿದರು. 26ರಂದು ಪೌಂಡ್ ಸ್ವಲ್ಪ ಹೊತ್ತು 1.04ಕ್ಕಿಂತಲೂ ಕೆಳಗಿತ್ತು. ತಿಂಗಳೊಳಗೆ ಅವರ ಕುರ್ಚಿ ಹೋಯಿತು, ಪ್ರಧಾನಿ ಲಿಜ್ ಟ್ರಸ್ ಕೂಡ ರಾಜೀನಾಮೆ ಘೋಷಿಸಿದರು.

ವಿರೋಧ: ತಕ್ಕಡಿಗೆ ಎರಡು ತಟ್ಟೆ

ಪೌಂಡ್ ಏರಿತು ಅನ್ನುತ್ತೇವೆ. ಡಾಲರ್ ಇಳಿದಿದ್ದರೆ? ತಕ್ಕಡಿಯ ಒಂದೇ ತಟ್ಟೆ ನೋಡಿ ತೂಕ ಹೇಳಿದ ಹಾಗಾಯಿತು.

1931ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಚಿನ್ನದ ಕಟ್ಟು, ಅಂದರೆ ಒಂದು ಪೌಂಡಿಗೆ ಇಷ್ಟು ಚಿನ್ನ ಎಂಬ ಕಟ್ಟುಪಾಡು, ಬಿಟ್ಟಿತು. ಡಿಸೆಂಬರ್ ಹೊತ್ತಿಗೆ ಪೌಂಡ್ 3.30 ಡಾಲರಿನ ಆಸುಪಾಸಿಗೆ ಕುಸಿದಿತ್ತು. 1934ರಲ್ಲಿ ನೋಡಿದರೆ 5 ಡಾಲರಿಗಿಂತ ಜಾಸ್ತಿ! ಮೂರು ವರ್ಷದೊಳಗೆ ಬ್ರಿಟನ್ ಅಷ್ಟು ಗಟ್ಟಿಯಾಯಿತಾ? ಇಲ್ಲ. ಆ ಹೊತ್ತಿಗೆ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಕೂಡ ಚಿನ್ನದ ಕಟ್ಟು ಬಿಟ್ಟು, ಒಂದು ಔನ್ಸ್ ಚಿನ್ನದ ಬೆಲೆಯನ್ನು 20.67 ಡಾಲರಿನಿಂದ 35ಕ್ಕೆ ಏರಿಸಿದ್ದರು. 1985ರ ಫೆಬ್ರವರಿಯಲ್ಲಿ ಪೌಂಡ್ 1.05ರ ಹತ್ತಿರ ಬಂದದ್ದಕ್ಕೂ ಲಂಡನ್ನನ್ನೇ ಬೈಯುವುದು ತಪ್ಪು. ಅಮೆರಿಕದ ಬಡ್ಡಿ ದರ ಜೋರಾಗಿತ್ತು. ಮಾರ್ಕ್, ಯೆನ್, ಫ್ರಾಂಕ್ ಎಲ್ಲವೂ ಡಾಲರಿನ ಮುಂದೆ ಬಗ್ಗಿದ್ದವು. ಅದೇ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಐದು ದೇಶಗಳು ಸೇರಿ ಡಾಲರ್ ಇಳಿಸೋಣ ಎಂದು ಒಪ್ಪಂದ ಮಾಡಿಕೊಂಡವು.

ದರ ಮೇಲಿದ್ದರೆ ದೇಶ ಚೆನ್ನಾಗಿದೆ ಅನ್ನುವುದೂ ಸುಮ್ನೆ ಒಂದು ನಂಬಿಕೆ. 1925ರಲ್ಲಿ ಹಣಕಾಸು ಮಂತ್ರಿಯಾಗಿದ್ದ ಚರ್ಚಿಲ್ ಪೌಂಡನ್ನು ಯುದ್ಧಕ್ಕೆ ಮುಂಚಿನ 4.86ಕ್ಕೇ ತಂದು ಕೂರಿಸಿದರು. ಅರ್ಥಶಾಸ್ತ್ರಜ್ಞ ಕೇನ್ಸ್ ಬೇಡ ಅಂದರು, ಕೇಳಿದವರಿಲ್ಲ. ಬ್ರಿಟನ್ನಿನ ಕಲ್ಲಿದ್ದಲು ಹೊರದೇಶಗಳಿಗೆ ತುಟ್ಟಿಯಾಯಿತು. ಗಣಿ ಮಾಲೀಕರು ನಷ್ಟವನ್ನು ಕೂಲಿಯಲ್ಲಿ ಕತ್ತರಿಸಲು ಹೊರಟರು. 1926ರ ಮೇ ತಿಂಗಳಲ್ಲಿ ಒಂಬತ್ತು ದಿನ ದೇಶವ್ಯಾಪಿ ಮುಷ್ಕರ ನಡೆಯಿತು. ಉಳಿದವರು ಕೆಲಸಕ್ಕೆ ಮರಳಿದ ಮೇಲೂ ಗಣಿಯವರು ತಿಂಗಳುಗಟ್ಟಲೆ ಹೊರಗೇ ಉಳಿದರು. ಕೊನೆಗೆ ಕಡಿಮೆ ಕೂಲಿಗೇ ಇಳಿಯಬೇಕಾಯಿತು. ಪಟ್ಟಿಯಲ್ಲಿ ಮಾತ್ರ ಅದು ಪೌಂಡಿನ ವೈಭವದ ಕಾಲ.

1992ರದ್ದು ಇದಕ್ಕೆ ತದ್ವಿರುದ್ಧ. ಸೆಪ್ಟೆಂಬರ್ 16ರಂದು ಬ್ರಿಟನ್ನಿನವರು ಪೌಂಡ್ ಉಳಿಸಲು ಬಡ್ಡಿಯನ್ನು ಶೇಕಡಾ 10ರಿಂದ 12ಕ್ಕೆ ಏರಿಸಿ, ಅದೇ ದಿನ 15 ಎಂದೂ ಘೋಷಿಸಿದರು. ಸಂಜೆಗೆ ಸೋತು, ಯುರೋಪಿನ ಹಣಗಳ ದರವನ್ನು ಒಂದಕ್ಕೊಂದು ಕಟ್ಟಿಟ್ಟಿದ್ದ ವಿನಿಮಯ ವ್ಯವಸ್ಥೆಯಿಂದ ಹೊರಬಂದರು. ಎರಡು ಡಾಲರ್ ಇದ್ದ ಪೌಂಡ್ ವರ್ಷ ಮುಗಿಯುವಷ್ಟರಲ್ಲಿ ಒಂದೂವರೆಗೆ ಬಂತು. ಮರ್ಯಾದೆ ಹೋಯಿತು, ನಿಜ. ಆದರೆ ಬಡ್ಡಿ ಇಳಿಯಿತು, ಆರ್ಥಿಕತೆ ಎದ್ದು ನಿಂತಿತು.

ಇನ್ನು, ಪಟ್ಟಿಯಲ್ಲಿರುವ ಎಲ್ಲ ದರವೂ ಮಾರುಕಟ್ಟೆಯ ದರ ಅಲ್ವಲ್ಲ. 4.03 ಯುದ್ಧಕಾಲದಲ್ಲಿ ಸರ್ಕಾರವೇ ಕಟ್ಟಿಹಾಕಿದ ದರ. ಬೇಕಾದವರು ಬೇಕಾದಷ್ಟು ಡಾಲರ್ ಕೊಳ್ಳುವ ಹಾಗಿರಲಿಲ್ಲ. ಯುದ್ಧ ಮುಗಿದ ಮೇಲೆ ಅಮೆರಿಕ 375 ಕೋಟಿ ಡಾಲರ್ ಸಾಲ ಕೊಟ್ಟು, ಪೌಂಡನ್ನು ಡಾಲರಿಗೆ ಬದಲಿಸಲು ಬಾಗಿಲು ತೆರೆಯಬೇಕೆಂದು ಷರತ್ತು ಹಾಕಿತು. 1947ರ ಜುಲೈ 15ರಂದು ತೆರೆದರು. ಪೌಂಡ್ ಇಟ್ಟುಕೊಂಡಿದ್ದ ದೇಶಗಳೆಲ್ಲ ಡಾಲರಿಗೆ ಮುಗಿಬಿದ್ದವು. ಆಗಸ್ಟ್ 20ಕ್ಕೆ ಬಾಗಿಲು ಮತ್ತೆ ಬಂದ್. ಪಟ್ಟಿಯಲ್ಲಿ ಜುಲೈಗೂ 4.03, ಆಗಸ್ಟಿಗೂ 4.03.