ಕ್ರಾಸಿಂಗು ಕಣಮ್ಮಾ!

ರಸೀತಿ ಇನ್ನೂ ನನ್ನ ಬ್ಯಾಗಿನಲ್ಲೇ ಇದೆ. ದಂಡ 250 ರೂಪಾಯಿ, ಟಿಕೆಟ್ ದುಡ್ಡು ಬೇರೆ. ತಪ್ಪು ನನ್ನದೇ, ಒಪ್ಪಿದೆ. ಸೀಸನ್ ಪಾಸು ಗುರುವಾರಕ್ಕೆ ಮುಗಿದಿತ್ತು, ಶುಕ್ರವಾರ ಬೆಳಿಗ್ಗೆ ಅದನ್ನೇ ಬ್ಯಾಗಿಗೆ ತುರುಕಿಕೊಂಡು ಗಾಡಿ ಹತ್ತಿದ್ದೆ. ದಂಡ ಹೋಗಲಿ ಬಿಡಿ. ಹೊಟ್ಟೆ ಉರಿಯುತ್ತಿರುವುದು ನಮ್ಮ ಬೋಗಿಯವರನ್ನು ನೆನೆದು. ಅದರಲ್ಲೂ ಒಬ್ಬರನ್ನು.

ತುಮಕೂರಿನಿಂದ ಬೆಂಗಳೂರಿಗೆ ದಿನಾ ಕೆಲಸಕ್ಕೆ ಹೋಗುವವರಲ್ಲಿ ಎರಡೇ ಜಾತಿ, ಬಸ್ಸಿನವರು ಮತ್ತು ರೈಲಿನವರು. ಬಸ್ಸಿನವರು ನೆಲಮಂಗಲ, ಎಂಟನೇ ಮೈಲಿ, ಗೊರಗುಂಟೆಪಾಳ್ಯ ಅಂತ ಒಂದೊಂದು ಹೆಸರಿಗೂ ಒಂದೊಂದು ನಿಟ್ಟುಸಿರು ಬಿಡುತ್ತಾರೆ. ನಾವು ರೈಲಿನವರು ಕ್ಯಾತ್ಸಂದ್ರ ದಾಟುವಷ್ಟರಲ್ಲಿ ಅರ್ಧ ನಿದ್ದೆ ಮುಗಿಸಿರುತ್ತೇವೆ. ಇನ್ನರ್ಧಕ್ಕೆ ಆ ಊರಿನ ತಟ್ಟೆ ಇಡ್ಲಿಯ ನೆನಪೇ ಅಡ್ಡಿ. ಇಳಿದರೆ ಇಡ್ಲಿ ಸಿಗುತ್ತೆ, ಆಫೀಸು ತಪ್ಪುತ್ತೆ. ಸುಮಾರು 70 ಕಿಲೋಮೀಟರ್ ದಾರಿಯಲ್ಲಿ ಬೇರೆ ಕಷ್ಟ ನನಗಂತೂ ಕಂಡಿಲ್ಲ.

ಸಂಜೆ ಗಾಡಿಯ ಸುಖವೇ ಬೇರೆ. ಅವರೆಕಾಯಿ ಕಾಲದಲ್ಲಿ ಯಶವಂತಪುರದಲ್ಲಿ ಎರಡು ಕೆಜಿ ಕಾಯಿ ಹಿಡಿದು ಹತ್ತಿದರೆ, ತುಮಕೂರಲ್ಲಿ ಕಾಳು ಹಿಡಿದು ಇಳಿಯಬಹುದು. ಎದುರು ಸೀಟಿನವರು, ಪಕ್ಕದವರು, ನಿಂತವರು, ಎಲ್ಲರೂ ಕೇಳದೇ ಒಂದೊಂದು ಹಿಡಿ ಎತ್ತಿಕೊಂಡು ಸುಲಿಯುತ್ತಾರೆ. ಹೋದ ವರ್ಷ ಇಸ್ತ್ರಿ ಶರ್ಟಿನ ಬ್ಯಾಂಕ್ ಮ್ಯಾನೇಜರ್ ಒಬ್ಬರು ಹುಳ ಕಂಡು ಕಿರುಚಿದ ಕಿರುಚಿಗೆ ಸೋಲದೇವನಹಳ್ಳಿಯಲ್ಲಿ ಇಳಿಯಬೇಕಾದವರು ಚಿಕ್ಕಬಾಣಾವರದಲ್ಲೇ ಎದ್ದು ನಿಂತರು. ಇಷ್ಟಾದರೂ ಯಾರಿಗೂ ಯಾರ ಹೆಸರೂ ಗೊತ್ತಿಲ್ಲ. ನಾನು ‘ಚಿತ್ರಾನ್ನದ ಮೇಡಂ’. ಅವರು ‘ಕ್ರಾಸಿಂಗ್ ರಾಯರು’.

ರಾಯರ ಬಗ್ಗೆ ಹೇಳಲೇಬೇಕು. ಅರವತ್ತರ ಹತ್ತಿರದವರು. ಬಟ್ಟೆ ಚೀಲ, ಕಿಟಕಿ ಪಕ್ಕದ ಸೀಟು. ಗಾಡಿ ವೇಗ ಸ್ವಲ್ಪ ತಗ್ಗಿದರೆ ಸಾಕು, ಕನ್ನಡಕ ತೆಗೆದು ಮಡಿಲಲ್ಲಿಟ್ಟು ಕಣ್ಣು ಮುಚ್ಚುತ್ತಾರೆ. ನಾಡಿ ಹಿಡಿದ ಪಂಡಿತರ ಹಾಗೆ ಚಕ್ರದ ಸದ್ದು ಕೇಳುತ್ತಾರೆ. ಗಾಡಿ ನಿಂತ ಮೇಲೆ ಮೂರು ಉಸಿರು ಬಿಟ್ಟು ತೀರ್ಪು ಕೊಡುತ್ತಾರೆ: “ಕ್ರಾಸಿಂಗು.”

ಹಳಿ ಮೇಲೆ ಎಮ್ಮೆ ನಿಂತ ದಿನವೂ ಕ್ರಾಸಿಂಗು. ಯಾರೋ ಚೈನು ಎಳೆದ ದಿನವೂ ಕ್ರಾಸಿಂಗು. ಒಮ್ಮೆ ತುಮಕೂರು ಪ್ಲಾಟ್‌ಫಾರಂನಲ್ಲೇ, ಗಾಡಿ ಹೊರಡುವ ಹೊತ್ತು ಇನ್ನೂ ಆಗಿರಲಿಲ್ಲ, ಅದಕ್ಕೂ ಕ್ರಾಸಿಂಗು. ಹುಡುಗನೊಬ್ಬನ ಫೋನು ಮಾತಿನ ಮಧ್ಯೆ ಕಟ್ಟಾಗಿ ಅವನು “ಹಲೋ ಹಲೋ” ಅನ್ನುವಾಗ ರಾಯರು ಅವನತ್ತ ತಿರುಗಿದ್ದು ನೋಡಿ, ಅದಕ್ಕೂ ಅದೇ ಹೇಳುತ್ತಾರೇನೋ ಅಂತ ನನಗೆ ಭಯವಾಗಿತ್ತು.

ವಿಷಯ ಏನಪ್ಪಾ ಅಂದರೆ, ಕ್ರಾಸಿಂಗ್ ಅನ್ನುವುದು ಒಂಟಿ ಹಳಿಯ ಕಾಲದ ಸಂಕಟ. ಎದುರಿಂದ ಇನ್ನೊಂದು ಗಾಡಿ ಬರುವಾಗ ಇದು ಯಾವುದಾದರೂ ಸ್ಟೇಷನ್ನಿನ ಲೂಪ್ ಲೈನಿಗೆ ಸರಿದು, ಅದು ಹೋಗುವ ತನಕ ಕಾಯಬೇಕು. ತುಮಕೂರು–ಬೆಂಗಳೂರು ಜೋಡಿ ಹಳಿಯಾಗಿ ಎಷ್ಟೋ ವರ್ಷವಾಯಿತು. ಈಗ ಹೋಗುವ ಗಾಡಿಗೆ ಒಂದು ಹಳಿ, ಬರುವ ಗಾಡಿಗೆ ಇನ್ನೊಂದು. ಹಿಂದಿನಿಂದ ಬರುವ ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಲು ನಿಲ್ಲಿಸಬಹುದು, ಸಿಗ್ನಲ್ ಸಿಗದೆ ಔಟರ್‌ನಲ್ಲಿ ನಿಲ್ಲಬಹುದು. ಕ್ರಾಸಿಂಗ್ ಮಾತ್ರ ಇಲ್ಲ.

ಇದನ್ನು ಒಮ್ಮೆ ಧೈರ್ಯ ಮಾಡಿ ಹೇಳಿಯೂ ಬಿಟ್ಟೆ. ರಾಯರು ಬಾಲವಾಡಿ ಮಗುವನ್ನು ನೋಡುವ ಹಾಗೆ ನನ್ನನ್ನು ನೋಡಿದರು.

“ಲೈನು ಎರಡಾದ್ರೆ ಕ್ರಾಸಿಂಗೂ ಎರಡಾಗುತ್ತೆ ಕಣಮ್ಮಾ.”

ಸರಿ, ಶುಕ್ರವಾರಕ್ಕೆ ಬರೋಣ. ದಾಬಸ್‌ಪೇಟೆ ಬಿಟ್ಟ ಮೇಲೆ ಟಿಸಿ ಬಂದರು. ಪಾಸು ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿ, “ನಿನ್ನೆಗೇ ಮುಗೀತಲ್ಲ ಮೇಡಂ” ಅಂದರು. ನಾನು ಬೋಗಿಯ ಕಡೆ ನೋಡಿದೆ. ನಾಲ್ಕು ವರ್ಷದಿಂದ ಜೊತೆಗೆ ಓಡಾಡುವವರು, ನನ್ನ ಚಿತ್ರಾನ್ನದ ಉಪ್ಪು ತಿಂದವರು. “ಪಾಪ, ದಿನಾ ಬರೋರು ಸಾರ್, ಪಾಸ್‌ನೋರೇ” ಅಂತ ಒಂದು ಮಾತು? ಅದರಿಂದ ದಂಡವೇನೂ ತಪ್ಪುತ್ತಿರಲಿಲ್ಲ, ಮರ್ಯಾದೆ ಉಳಿಯುತ್ತಿತ್ತು. ಒಬ್ಬರೂ ತುಟಿ ಬಿಚ್ಚಲಿಲ್ಲ. ಎಲ್ಲರೂ ಕಿಟಕಿಯಾಚೆ ಶಿವಗಂಗೆ ಬೆಟ್ಟ ನೋಡುತ್ತಿದ್ದರು. ಆ ಬೆಟ್ಟ ಪೂರ್ವದಿಂದ ನಂದಿ, ಪಶ್ಚಿಮದಿಂದ ಗಣಪ, ಉತ್ತರದಿಂದ ಹಾವು, ದಕ್ಷಿಣದಿಂದ ಲಿಂಗ ಅಂತಾರಲ್ಲ, ಅವತ್ತು ನಮ್ಮ ಬೋಗಿಗೆ ನಾಲ್ಕೂ ಒಟ್ಟಿಗೇ ದರ್ಶನ ಕೊಟ್ಟಿರಬೇಕು. ಅಷ್ಟು ಭಕ್ತಿ. ರಾಯರಂತೂ ಕೈ ಮುಗಿಯುವುದೊಂದು ಬಾಕಿ.

ಟಿಸಿ ರಸೀತಿ ಬರೆಯುತ್ತಿದ್ದರು. ಅಷ್ಟರಲ್ಲಿ ನಿಡವಂದದ ಹತ್ತಿರ ಗಾಡಿ ನಿಂತಿತು. ರಾಯರ ಕನ್ನಡಕ ಕೆಳಗಿಳಿಯಿತು. ಒಂದು ಉಸಿರು, ಎರಡು, ಮೂರು.

“ಕ್ರಾಸಿಂಗು.”

ಟಿಸಿ ತಲೆ ಎತ್ತಲೂ ಇಲ್ಲ. “ಡಬಲ್ ಲೈನ್‌ನಲ್ಲಿ ಎಲ್ಲಿಯ ಕ್ರಾಸಿಂಗು ಸ್ವಾಮಿ?” ಅಂದು ರಸೀತಿ ಹರಿದು ನನ್ನ ಕೈಗಿಟ್ಟು ಮುಂದಿನ ಸೀಟಿಗೆ ಹೋದರು.

ಯಾರೋ ಕಿಸಕ್ಕೆಂದರು. ನಾಲ್ಕು ವರ್ಷ ನಾನು ಕಾದಿದ್ದ ಗಳಿಗೆ ಅದು. ಆದರೆ ರಾಯರು ಕನ್ನಡಕ ಹಾಕಿಕೊಳ್ಳದೆ ಬಟ್ಟೆ ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಾ ಕೂತಿದ್ದು ನೋಡಿ, ನನ್ನ 250 ರೂಪಾಯಿ ಒಂದು ಕ್ಷಣ ಮರೆತೇಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಅವರೇ, ನನಗೆ ಅಂತಲೂ ಅಲ್ಲದ ಹಾಗೆ, ಮಾತು ತೆಗೆದರು.

“ಇಲ್ಲೇ ಕಣಮ್ಮಾ ಆಗ ನಿಲ್ಸೋರು. ಕ್ರಾಸಿಂಗ್ ಅಂದ್ರೆ ಅರ್ಧ ಗಂಟೆ. ನಾವು ಎಂಟು ಜನ ಇಳಿದು ಹುಣಸೆಮರದ ಕೆಳಗೆ ಬೀಡಿ ಸೇದ್ತಿದ್ವಿ. ಡ್ರೈವರ್ರು ಹಾರ್ನ್ ಹೊಡೆದು ಕರೆಯೋನು. ಈಗ ಅವ್ರೆಲ್ಲ ಬೆಂಗಳೂರಲ್ಲೇ ಮನೆ ಕಟ್ಕೊಂಡ್ರು. ಇಬ್ಬರು ಹೋಗೇ ಬಿಟ್ರು.”

ಏನು ಹೇಳಬೇಕೋ ತೋಚಲಿಲ್ಲ. ಡಬ್ಬಿ ತೆಗೆದು ಮುಂದೆ ಹಿಡಿದೆ. ಒಂದು ಚಮಚ ಬಾಯಿಗಿಟ್ಟುಕೊಂಡರು. ಆಗ ಪಕ್ಕದ ಹಳಿಯಲ್ಲಿ, ಬೆಂಗಳೂರು ಕಡೆಯಿಂದ ಒಂದು ಗಾಡಿ ಧಡಧಡ ಅಂತ ಬಂದು ಹೋಯಿತು. ಅದಕ್ಕೂ ನಮ್ಮ ಗಾಡಿ ನಿಂತಿದ್ದಕ್ಕೂ ಸಾಸಿವೆಯಷ್ಟು ಸಂಬಂಧವಿಲ್ಲ. ರಾಯರು ಕನ್ನಡಕ ಏರಿಸಿಕೊಂಡು, ಇಡೀ ಬೋಗಿಗೆ ಕೇಳುವ ಹಾಗೆ, “ಬಂತು ನೋಡಿ!” ಅಂದರು. ಆಮೇಲೆ ನನ್ನ ಕಡೆ ಬಾಗಿ, “ಪಾಸು ಮುಗಿಯೋಕೆ ಮುಂಚೆನೇ ರಿನ್ಯೂ ಮಾಡಿಸ್ಕೋಬಹುದು ಕಣಮ್ಮಾ. ಅಷ್ಟೂ ಗೊತ್ತಿಲ್ವಾ?” ಅಂತ ಕೇಳಿ ಇನ್ನೊಂದು ಚಮಚ ತೆಗೆದುಕೊಂಡರು. ಇಳಿದಿದ್ದ ಸಿಟ್ಟು ಮತ್ತೆ ನೆತ್ತಿಗೇರಿತು.

ಇವತ್ತು ಭಾನುವಾರ, ತಂಗಿ ಮನೆಗೆ ಕಾರಿನಲ್ಲಿ ಹೊರಟಿದ್ದೆವು. ನೆಲಮಂಗಲದ ಹತ್ತಿರ ಮುಂದೆ ಲಾರಿ, ಹಿಂದೆ ಲಾರಿ. ಹತ್ತು ನಿಮಿಷ ಚಕ್ರ ಉರುಳಲಿಲ್ಲ. ಹಿಂದಿನ ಸೀಟಿನಿಂದ ಮಗ, “ಯಾಕಮ್ಮಾ ನಿಂತ್ಬಿಟ್ವಿ?” ಅಂದ.

“ಕ್ರಾಸಿಂಗು ಕಣೋ.”

ಬಾಯಿಂದ ಹೊರಟೇಹೋಗಿತ್ತು. ಯಜಮಾನರು ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡೇ ತಿರುಗಿ, “ಹೈವೇನಲ್ಲಿ ಎಲ್ಲಿಯ ಕ್ರಾಸಿಂಗೇ?” ಅಂದರು. ನಾನು ಕಿಟಕಿ ಕಡೆ ಮುಖ ಮಾಡಿ ಕೂತೆ. ಆಚೆ ರಸ್ತೆಯಲ್ಲಿ ತುಮಕೂರು ಕಡೆಗೆ ಬಸ್ಸೊಂದು ಭರ್ರನೆ ಹೋಯಿತು.

“ಬಂತು ನೋಡಿ,” ಅಂದೆ.